ಹೊಟ್ಟೆಗೆ ಹಾಕಿಕೊಳ್ಳುವುದು

ನಾನು ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ನಮ್ಮತ್ತೆ ದಿನಕ್ಕೆ ಒಂದು ಸಲವಾದರೂ ಹೇಳುತ್ತಿದ್ದ ಮಾತೆಂದರೆ, "ಹೊಟ್ಟೆಗೆ ಹಾಕ್ಕೋಬೇಕು ಕಣಮ್ಮ" ಎಂಬುದು. ನಾದಿನಿ ಚುಚ್ಚಿ ಮಾತಾಡಿದಳೆ? ಹೊಟ್ಟೆಗೆ ಹಾಕ್ಕೋ. ಇವರು ಹೇಳದೆ ಕೇಳದೆ ಆರು ಜನ ಸ್ನೇಹಿತರನ್ನು ಊಟಕ್ಕೆ ಕರೆತಂದರೆ? ಹೊಟ್ಟೆಗೆ ಹಾಕ್ಕೋ. ಹಾಲಿನವನು ನೀರು ಬೆರೆಸಿದರೆ ಮಾತ್ರ ಅತ್ತೆ ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿರಲಿಲ್ಲ. ಬೀದಿಯ ಕೊನೆಯವರೆಗೂ ಕೇಳಿಸುವಂತೆ ಜಗಳಕ್ಕೆ ನಿಲ್ಲುತ್ತಿದ್ದರು. ಆಗ ನನಗೆ ಇದು ಅನ್ಯಾಯ ಎನಿಸುತ್ತಿತ್ತು. ಯಾವುದನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು, ಯಾವುದಕ್ಕೆ ಬಾಗಿಲಲ್ಲೇ ಜಗಳ ತೆಗೆಯಬೇಕು ಎಂಬ ಲೆಕ್ಕ ಅವರಿಗಿತ್ತು ಎಂದು ಈಗ ಅನಿಸುತ್ತದೆ.

ನೋಡಿ, ನಮ್ಮ ಮಾತಿನಲ್ಲಿ ಹೊಟ್ಟೆಗೂ ಕರುಳಿಗೂ ಎಷ್ಟೊಂದು ಕೆಲಸ! ಅಸೂಯೆಯಾದರೆ ಹೊಟ್ಟೆಕಿಚ್ಚು. ಮಕ್ಕಳಿಗೆ ನೋವಾದರೆ ಹೆತ್ತ ಕರುಳು ಚುರುಕ್ಕೆನ್ನುತ್ತದೆ. ಸಂಬಂಧವೆಂದರೆ ಕರುಳಿನ ಬಳ್ಳಿ. ತುಂಬ ನಕ್ಕರೆ ಹೊಟ್ಟೆ ಹುಣ್ಣಾಗುತ್ತದೆ. ನಿಜವಾಗಿಯೂ ಕರುಳಿನಲ್ಲಿ ಹುಣ್ಣಾದರೆ ಹೇಗಿರುತ್ತದೆ ಎಂಬುದು ನನಗೆ ಗೊತ್ತಾದದ್ದು 2014ರಲ್ಲಿ, ನಮ್ಮ ಚಿಕ್ಕ ಮಗಳಿಂದ. ಅವಳನ್ನು ನಾವೆಲ್ಲ ಪುಟ್ಟಿ ಎಂದೇ ಕರೆಯುವುದು. ಇಲ್ಲಿಯೂ ಹಾಗೇ ಕರೆಯುತ್ತೇನೆ.

ಪುಟ್ಟಿ ಆಗ ಬಿ.ಎಸ್ಸಿ. ಮೊದಲ ವರ್ಷ. ಅರಸೀಕೆರೆಯಿಂದ ಹಾಸನಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಮಳೆಗಾಲದಲ್ಲಿ ಒಂದು ದಿನ ಹೊಟ್ಟೆನೋವೆಂದು ಕಾಲೇಜು ತಪ್ಪಿಸಿದಳು. ಹೊರಗಿನದೇನೋ ತಿಂದಿರಬೇಕೆಂದು ಓಂಕಾಳಿನ ಕಷಾಯ ಮಾಡಿಕೊಟ್ಟೆ. ವಾರ ಬಿಟ್ಟು ಮತ್ತೆ ನೋವು. ಹೊಟ್ಟೆಯ ಬಲಗಡೆ, ಕೆಳಭಾಗದಲ್ಲಿ. ದಿನಕ್ಕೆ ನಾಲ್ಕೈದು ಸಲ ಬೇಧಿ. ದಾಳಿಂಬೆ ಸಿಪ್ಪೆಯ ಕಷಾಯ, ಮೆಂತ್ಯ ಹಾಕಿದ ಮಜ್ಜಿಗೆ, ಜೀರಿಗೆ ನೀರು, ಯಾವುದನ್ನೂ ಬಿಡಲಿಲ್ಲ. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಮ್ಮೂರಿನ ಡಾಕ್ಟರು, "ಈ ವಯಸ್ಸಿನ ಹೆಣ್ಣುಮಕ್ಕಳಿಗೆ ಮುಟ್ಟಿನ ಹೊಟ್ಟೆನೋವು ಇರೋದೇ" ಎಂದು ಮಾತ್ರೆ ಬರೆದುಕೊಟ್ಟರು. ನನಗೂ ಅದು ಸರಿ ಎನಿಸಿತು. ನಮಗೂ ಬಂದಿತ್ತಲ್ಲ, ಹೊಟ್ಟೆಗೆ ಹಾಕಿಕೊಂಡಿರಲಿಲ್ಲವೆ?

ದಸರೆಯ ಹೊತ್ತಿಗೆ ಅವಳ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. 48 ಕಿಲೋ ಇದ್ದವಳು 39ಕ್ಕೆ ಇಳಿದಿದ್ದಳು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಹಿತ್ತಿಲ ಕಡೆ ಓಡುತ್ತಿದ್ದಳು. ಕಾಲೇಜಿಗೆ ಹೋಗುವ ದಿನ ಬೆಳಗ್ಗೆ ಏನೂ ತಿನ್ನುತ್ತಿರಲಿಲ್ಲ. ಬಸ್ಸಿನಲ್ಲಿ ಅವಸರವಾದರೆ ಎಲ್ಲಿಗೆ ಹೋಗುವುದು? ಕಾಲೇಜಿನಲ್ಲಿದ್ದ ಒಂದು ಪಾಯಖಾನೆಗೆ ಚಿಲಕವಿಲ್ಲ, ಇನ್ನೊಂದಕ್ಕೆ ನೀರಿಲ್ಲ. ಇದನ್ನೆಲ್ಲ ಅವಳು ನನಗೆ ಹೇಳಿದ್ದು ಎಷ್ಟೋ ವರ್ಷಗಳ ನಂತರ. ಹೊಟ್ಟೆನೋವು ಎಂದು ಹೇಳಬಹುದು. ಬೇಧಿ, ಅದರಲ್ಲಿ ರಕ್ತ ಎಂದು ಒಬ್ಬ ಹುಡುಗಿ ಯಾರೆದುರು ಬಾಯಿ ಬಿಟ್ಟು ಹೇಳಿಯಾಳು?

ಕೊನೆಗೆ ಹಾಸನದಲ್ಲಿ ಒಬ್ಬ ತಜ್ಞರಿಗೆ ತೋರಿಸಿದೆವು. ಕರುಳಿನೊಳಕ್ಕೆ ಕೊಳವೆ ಬಿಟ್ಟು ನೋಡುವ ಕೊಲೊನೋಸ್ಕೋಪಿ ಮಾಡಿದರು. ಸಣ್ಣ ಕರುಳು ಹೋಗಿ ದೊಡ್ಡ ಕರುಳನ್ನು ಸೇರುವ ಜಾಗದಲ್ಲಿ ಹುಣ್ಣುಗಳಿದ್ದವು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಸ್ಪಷ್ಟವಾಗಿ ಏನನ್ನೂ ಹೇಳಲಿಲ್ಲ. "ಕರುಳಿನ ಕ್ಷಯ ಇರಬಹುದು" ಎಂದರು ಡಾಕ್ಟರು.

ಕ್ಷಯ! ಆ ಪದ ಕೇಳಿ ನನ್ನ ಕೈಕಾಲು ತಣ್ಣಗಾದವು. ಮನೆಯಲ್ಲಿ ದೊಡ್ಡವಳ ಮದುವೆಯ ಮಾತು ನಡೆಯುತ್ತಿತ್ತು. ಕೆಮ್ಮೇ ಇಲ್ಲವಲ್ಲ ಎಂದು ಕೇಳಿದೆ. ಕ್ಷಯದ ರೋಗಾಣು ಶ್ವಾಸಕೋಶಕ್ಕಷ್ಟೇ ಬರುವುದಲ್ಲ, ಕರುಳಿಗೂ ಬರುತ್ತದೆ, ಕಾಯಿಸದ ಹಾಲಿನಿಂದಲೂ ಬರಬಹುದು ಎಂದು ವಿವರಿಸಿದರು. ಎದೆಯ ಎಕ್ಸ್‌ರೇ ಚೆನ್ನಾಗಿತ್ತು, ಯಾರಿಗೂ ಅಂಟುವ ಭಯವಿಲ್ಲ ಎಂದರು. ಅವರನ್ನು ನಾನು ದೂರುವುದಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲಿದ್ದಾರೆ. ಇಲ್ಲಿ ಕರುಳಿನ ಆ ಜಾಗದಲ್ಲಿ ಹುಣ್ಣು ಕಂಡರೆ ಯಾವ ವೈದ್ಯರಿಗೂ ಮೊದಲು ನೆನಪಾಗುವುದು ಕ್ಷಯವೇ. ಅವರು ಚೀಟಿಯ ಕೆಳಗೆ ಒಂದು ಸಾಲು ಬರೆದಿದ್ದರು: ಎಂಟು ವಾರದ ನಂತರ ಮತ್ತೆ ಸ್ಕೋಪಿ ಮಾಡಿಸಿ.

ಮಾತ್ರೆ ಶುರುವಾಯಿತು. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಹಿಡಿ. ಅದರಲ್ಲಿ ರಿಫಾಂಪಿಸಿನ್ ಎಂಬ ಮಾತ್ರೆಯಿಂದ ಮೂತ್ರ ಕಿತ್ತಳೆ ಬಣ್ಣವಾಗುತ್ತದೆ. ಅತ್ತೆ ಅದನ್ನು ಕಂಡು ಗಾಬರಿಯಾದಾಗ, "ಕಬ್ಬಿಣದ ಟಾನಿಕ್ಕು ಅತ್ತೆ" ಎಂದು ಸುಳ್ಳು ಹೇಳಿದೆ. ನೆಂಟರಿಗೆ ಗ್ಯಾಸ್ ಟ್ರಬಲ್ ಎಂದೆ. ಒಂದು ತಿಂಗಳಲ್ಲಿ ಜ್ವರ ನಿಂತಿತು. ಎರಡು ಕಿಲೋ ತೂಕ ಏರಿತು. ಎಂಟು ವಾರವಾದಾಗ ದೊಡ್ಡವಳ ಮದುವೆಗೆ ದಿನ ಗೊತ್ತಾಗಿತ್ತು. ಸ್ಕೋಪಿ ಎಂದರೆ ಹಿಂದಿನ ದಿನವೆಲ್ಲ ಉಪವಾಸ, ಬೇಧಿ ಔಷಧಿ, ಹಾಸನಕ್ಕೆ ಓಡಾಟ, ಬೀಗರ ಕಡೆಯವರ ಪ್ರಶ್ನೆ. ಮಗು ಚೇತರಿಸಿಕೊಳ್ಳುತ್ತಿದೆಯಲ್ಲ, ಇನ್ನೇನು ಎಂದುಕೊಂಡೆ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸಾಸಿವೆ ಡಬ್ಬಿಯಲ್ಲಿಟ್ಟೆ, ನಾನು ಉಳಿಸಿದ ಪುಡಿಗಾಸಿನ ಜೊತೆಗೆ. ಪುಟ್ಟಿ ಒಂದೆರಡು ಸಲ ಕೇಳಿದಳು, "ಅಮ್ಮ, ಮತ್ತೆ ತೋರಿಸಬೇಕು ಅಂದಿದ್ರಲ್ವಾ?" "ಮದುವೆ ಮುಗೀಲಿ ಪುಟ್ಟಿ" ಎಂದೆ. ಇವರು ಕೇಳಿದಾಗಲೂ ಅದನ್ನೇ ಹೇಳಿದೆ.

ಮದುವೆ ಮುಗಿಯಿತು. ಮಾತ್ರೆಯ ಆರು ತಿಂಗಳೂ ಮುಗಿದವು. ನೋವು ಸದ್ದಿಲ್ಲದೆ ಹಿಂತಿರುಗಿತು. 2015ರ ಗಣಪತಿ ಹಬ್ಬದ ದಿನ ಪುಟ್ಟಿ ಒಂದು ಕಡುಬು ತಿಂದಳು. ಸಂಜೆಯ ಹೊತ್ತಿಗೆ ಹೊಟ್ಟೆ ತಂಬೂರಿಯ ಬುರುಡೆಯ ಹಾಗೆ ಉಬ್ಬಿ, ಹಸಿರು ವಾಂತಿ ಶುರುವಾಯಿತು. ರಾತ್ರೋರಾತ್ರಿ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಹುಣ್ಣು ಮಾಗಿ, ಮತ್ತೆ ಕೆರಳಿ, ಮತ್ತೆ ಮಾಗಿ ಕರುಳು ಒಂದು ಕಡೆ ದಾರದಷ್ಟು ಸಣ್ಣಗಾಗಿ ಮುಚ್ಚಿಕೊಂಡಿತ್ತು. ಶಸ್ತ್ರಚಿಕಿತ್ಸೆ ಮಾಡಿ 35 ಸೆಂಟಿಮೀಟರ್ ಕರುಳನ್ನು ತೆಗೆದರು. ಆಪರೇಷನ್ ಕೋಣೆಯ ಹೊರಗೆ ಕೂತಿದ್ದಾಗ ನನ್ನ ಕಣ್ಣಮುಂದೆ ಇದ್ದದ್ದು ಸಾಸಿವೆ ಡಬ್ಬಿ ಒಂದೇ.

ತೆಗೆದ ಕರುಳಿನ ಪರೀಕ್ಷೆಯಲ್ಲಿ ಕ್ಷಯದ ಗುರುತು ಇರಲಿಲ್ಲ. ಕಾಯಿಲೆಯ ಹೆಸರು ಕ್ರೋನ್ಸ್ ಎಂದು ಅಲ್ಲಿನ ಡಾಕ್ಟರು ಹೇಳಿದರು. ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ತಾಳ್ಮೆಯಿಂದ ಕೂತು ವಿವರಿಸಿದರು. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಎಂಬ ಮೂವರು ಈ ಕಾಯಿಲೆಯನ್ನು ವರ್ಣಿಸಿ ಲೇಖನ ಬರೆದರಂತೆ. ಅಕ್ಷರ ಕ್ರಮದಲ್ಲಿ ಮೊದಲು ಬಂದದ್ದರಿಂದ ಕ್ರೋನ್ ಅವರ ಹೆಸರೇ ನಿಂತಿತು. ಅದಕ್ಕೂ ಮೊದಲೇ, 1913ರಲ್ಲಿ, ಡಾಲ್ಜಿಯಲ್ ಎಂಬ ಸ್ಕಾಟ್ಲೆಂಡಿನ ಶಸ್ತ್ರವೈದ್ಯರು ಇಂಥದೇ ರೋಗಿಗಳ ಬಗ್ಗೆ ಬರೆದಿದ್ದರು. ಇದು ನೋಡಲು ಕ್ಷಯದಂತೆಯೇ ಇದ್ದರೂ ಕ್ಷಯವಲ್ಲ ಎಂದು ತೋರಿಸುವುದೇ ಆಗಿನವರಿಗೂ ದೊಡ್ಡ ಕೆಲಸವಾಗಿತ್ತು. ಎರಡೂ ಕೂರುವುದು ಕರುಳಿನ ಅದೇ ಜಾಗದಲ್ಲಿ. ಎರಡರಲ್ಲೂ ಜ್ವರ, ಕೃಶವಾಗುವುದು, ಬೇಧಿ. ಕ್ಷಯದ ಔಷಧಿಯಿಂದ ಕ್ರೋನ್ಸ್ ಇರುವವರಿಗೂ ಕೆಲವು ದಿನ ಹಗುರವೆನಿಸಬಹುದು. ಆದರೆ ಒಳಗಿನ ಹುಣ್ಣು ಮಾಗುವುದಿಲ್ಲ. ಕ್ಷಯವಾಗಿದ್ದರೆ ಎರಡು ಮೂರು ತಿಂಗಳಲ್ಲಿ ಹುಣ್ಣು ಮಾಗಿರುವುದು ಕಾಣುತ್ತದೆ. "ಅದಕ್ಕೇ ಎಂಟು ವಾರಕ್ಕೆ ಇನ್ನೊಂದು ಸಲ ಒಳಗೆ ನೋಡ್ಬೇಕು ಅನ್ನೋದು" ಎಂದರು. ನಾನು ಸೆರಗಿನ ತುದಿಯನ್ನು ಹಿಂಡುತ್ತಾ ಕೂತೆ. ಇವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ಚೆನ್ನಾಗಿತ್ತು.

"ರೋಗನಿರೋಧಕ ಶಕ್ತಿ ಕಡಿಮೆಯಾಗಿದೆಯಾ ಡಾಕ್ಟರೆ? ಚ್ಯವನಪ್ರಾಶ ಕೊಡ್ತಾ ಇದ್ದೆ..." ಎಂದೆ.

"ಕಡಿಮೆಯಾಗಿಲ್ಲಮ್ಮ. ಅದರ ಹತೋಟಿ ತಪ್ಪಿದೆ. ಯಾರನ್ನ ಬಿಡಬೇಕು, ಯಾರನ್ನ ಹೊಡೀಬೇಕು ಅನ್ನೋದು ಮರೆತುಹೋಗಿದೆ. ತನ್ನ ಕರುಳನ್ನೇ ಸುಡ್ತಾ ಇದೆ" ಎಂದರು ಅವರು.

ಅಲ್ಲಿಯವರೆಗೆ ಕರುಳೆಂದರೆ ಉಂಡದ್ದು ಸಾಗುವ ಕೊಳವೆ ಎಂದಷ್ಟೇ ತಿಳಿದಿದ್ದೆ. ಪುಟ್ಟಿ ಹಾಸಿಗೆ ಹಿಡಿದ ತಿಂಗಳುಗಳಲ್ಲಿ ಅವಳ ಪುಸ್ತಕಗಳನ್ನು ತೆರೆದು, ತಿಳಿಯದ್ದನ್ನು ಅವಳನ್ನೇ ಕೇಳಿ ಕಲಿತೆ. ಸಣ್ಣ ಕರುಳು ಸುಮಾರು ಆರು ಮೀಟರ್ ಉದ್ದ. ಕರುಳಿನ ಒಳಮೈಯ ಮಡಿಕೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 30 ಚದರ ಮೀಟರ್ ಆಗುತ್ತದೆಂದು 2014ರ ಒಂದು ಅಳತೆ ಹೇಳುತ್ತದೆ. ಎಂದರೆ ನಮ್ಮ ಮನೆಯ ನಡುಮನೆ, ಅಡಿಗೆಮನೆ ಎರಡೂ ಸೇರಿದಷ್ಟು. ಅಷ್ಟು ಜಾಗಕ್ಕೆ ಗೋಡೆ ಎಷ್ಟು ದಪ್ಪ? ಒಂದೇ ಒಂದು ಸಾಲು ಜೀವಕೋಶ. ಅದೂ ಮೂರರಿಂದ ಐದು ದಿನಕ್ಕೊಮ್ಮೆ ಉದುರಿ ಹೊಸದಾಗುತ್ತದೆ. ಗೋಡೆಯ ಆಚೆ ನಾವು ಉಂಡ ಅನ್ನ, ಸಾರು ಮತ್ತು ಕೋಟಿ ಕೋಟಿ ಸೂಕ್ಷ್ಮಜೀವಿಗಳು. ಅವುಗಳ ಸಂಖ್ಯೆ ನಮ್ಮ ಮೈಯ ಒಟ್ಟು ಜೀವಕೋಶಗಳಿಗೆ ಸರಿಸುಮಾರು ಸಮ. ಈಚೆಗೆ ನಮ್ಮ ರಕ್ತ. ಹಳೆಯ ಮನೆಗಳ ಜಗಲಿ ನೆನಪಿಸಿಕೊಳ್ಳಿ. ಮನೆಗೆ ಸೇರಿದ್ದೂ ಹೌದು, ಬೀದಿಗೆ ತೆರೆದದ್ದೂ ಹೌದು. ಕರುಳಿನ ಒಳಗೆಂಬುದು ಅಂಥದೇ ಜಗಲಿ. ಅಲ್ಲಿಗೆ ಯಾರು ಬೇಕಾದರೂ ಬಂದು ಕೂರಬಹುದು, ಹೊಸ್ತಿಲು ದಾಟುವಂತಿಲ್ಲ.

ಹೊಸ್ತಿಲು ಕಾಯಲು ದೇಹ ಮಾಡಿಕೊಂಡ ಏರ್ಪಾಡು ದೊಡ್ಡದು. ಮೊದಲು ಗೋಡೆಯ ಮೇಲೆ ಲೋಳೆಯ ಪದರ. ಅದರಲ್ಲಿ ಕರುಳೇ ತಯಾರಿಸುವ, ರೋಗಾಣು ಕೊಲ್ಲುವ ರಸಗಳು. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಅಲ್ಲಲ್ಲಿ ತೇಪೆ ಹಾಕಿದಂತಿರುವ ಗುಂಪುಗಳಿವೆ. 1677ರಲ್ಲಿ ಪೇಯರ್ ಎಂಬ ಸ್ವಿಸ್ ವೈದ್ಯ ಅವನ್ನು ವರ್ಣಿಸಿದ್ದರಿಂದ ಇಂದಿಗೂ ಅವು ಪೇಯರನ ತೇಪೆಗಳು. ಜಗಲಿಯ ಮೇಲಿರುವುದರಲ್ಲಿ ಚೂರು ಚೂರು ಒಳಗೆ ತಂದು, ಇದು ನಮ್ಮವರೋ ಪರರೋ ಎಂದು ಬಿಳಿ ರಕ್ತಕಣಗಳಿಗೆ ತೋರಿಸುವುದು ಅಲ್ಲಿಯೇ. ಪ್ರತಿಕಾಯ ತಯಾರಿಸುವ ಕಣಗಳಲ್ಲಿ ಬಹುಪಾಲು ಇರುವುದೂ ಕರುಳಿನ ಗೋಡೆಯಲ್ಲೇ. ಅವು ದಿನವೂ ಗ್ರಾಂಗಟ್ಟಲೆ ಐಜಿಎ ಎಂಬ ಪ್ರತಿಕಾಯವನ್ನು ಕರುಳಿನೊಳಗೆ ಸುರಿಯುತ್ತವೆ. ಐಜಿಎ ರೋಗಾಣುವನ್ನು ಗೋಡೆಗೆ ಅಂಟದಂತೆ ಹಿಡಿದು, ಗಲಾಟೆಯಿಲ್ಲದೆ ಸಾಗಹಾಕುತ್ತದೆ.

ಇಷ್ಟೆಲ್ಲ ಕಾವಲಿದ್ದೂ ದಿನವೂ ಒಳಬರುವ ಪರಕೀಯ ವಸ್ತುವೆಂದರೆ ಊಟ! ತೊಗರಿಬೇಳೆ ನಮ್ಮ ದೇಹದ್ದೇ? ಹಸುವಿನ ಹಾಲು ನಮ್ಮ ದೇಹದ್ದೇ? ಅದನ್ನೇ ರಕ್ತಕ್ಕೆ ಚುಚ್ಚಿದರೆ ದೇಹ ಸಿಡಿದೇಳುತ್ತದೆ. ಬಾಯಿಯ ಮೂಲಕ ಬಂದರೆ ಸುಮ್ಮನಿರುತ್ತದೆ. ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಹಾಗೆಯೇ ಸಹಿಸಿಕೊಳ್ಳುತ್ತದೆ. ಇದಕ್ಕೆ ವೈದ್ಯರು ಬಳಸುವ ಪದದ ಅರ್ಥ ಸಹನೆ. ಪುಟ್ಟಿ ಇದನ್ನು ಓದಿ ಹೇಳಿದಾಗ ನಾನು ಅಡಿಗೆಮನೆಯಲ್ಲೇ ನಕ್ಕುಬಿಟ್ಟೆ. ನಮ್ಮತ್ತೆಗೆ ಇದು ಗೊತ್ತಿತ್ತಲ್ಲ! ಹೊಟ್ಟೆಗೆ ಹಾಕಿಕೊಳ್ಳುವುದು ಎಂದರೆ ಇದೇ ತಾನೆ?

ಈ ಸಹನೆಯನ್ನು ಕಾಯುವವು ಒಂದು ಬಗೆಯ ಬಿಳಿ ರಕ್ತಕಣಗಳು, ನಿಯಂತ್ರಕ ಟಿ ಕಣಗಳು. ಜಗಳಕ್ಕೆ ಹೊರಟ ಉಳಿದ ಕಣಗಳನ್ನು ತೋಳು ಹಿಡಿದು ನಿಲ್ಲಿಸುವವು ಇವು. 1995ರಲ್ಲಿ ಜಪಾನಿನ ಶಿಮೋನ್ ಸಕಗುಚಿ ಇವನ್ನು ಗುರುತಿಸಿದರು. ಇವು ಬೆಳೆಯಲು ಬೇಕಾದ ವಂಶವಾಹಿಯನ್ನು ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ತೋರಿಸಿಕೊಟ್ಟರು. ಆ ವಂಶವಾಹಿ ಕೆಟ್ಟು ಹುಟ್ಟುವ ಗಂಡುಮಕ್ಕಳು ಅಪರೂಪಕ್ಕೆ ಇದ್ದಾರೆ. ಎಳೆಗೂಸಿನಲ್ಲೇ ಅವರಿಗೆ ನಿಲ್ಲದ ಬೇಧಿ. ತಡೆಯುವವರಿಲ್ಲದೆ ನಿರೋಧಕ ಕಣಗಳು ಅವರ ಕರುಳಿನ ಮೇಲೇ ಬೀಳುತ್ತವೆ. 2025ರ ಅಕ್ಟೋಬರಿನಲ್ಲಿ ಈ ಮೂವರಿಗೂ ವೈದ್ಯಶಾಸ್ತ್ರದ ನೊಬೆಲ್ ಬಹುಮಾನ ಬಂತು. ಪುಟ್ಟಿ ಬೆಳಗ್ಗೆಯೇ ಫೋನು ಮಾಡಿ, "ಅಮ್ಮ, ಹೊಟ್ಟೆಗೆ ಹಾಕ್ಕೊಳ್ಳೋದಕ್ಕೆ ನೊಬೆಲ್ ಬಂತು ನೋಡು" ಎಂದಳು.

ಕ್ರೋನ್ಸ್ ಕಾಯಿಲೆಗೆ ಕಾರಣ ಇದೊಂದೇ ಅಲ್ಲ. ಲೋಳೆಯ ಪದರ ತೆಳುವಾಗುವುದು, ಸೂಕ್ಷ್ಮಜೀವಿಗಳ ಸಮತೋಲ ಕೆಡುವುದು, ವಂಶವಾಹಿ, ಬೀಡಿ ಸಿಗರೇಟಿನ ಹೊಗೆ, ಹೀಗೆ ಹಲವು ಸೇರುತ್ತವೆ. ವಂಶದ ಪಾಲು ಇದ್ದರೂ ಅದೇ ಎಲ್ಲವೂ ಅಲ್ಲ. ಏಕರೂಪದ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಅರ್ಧಕ್ಕಿಂತ ಹೆಚ್ಚಿನ ಸಂದರ್ಭಗಳಲ್ಲಿ ಇನ್ನೊಬ್ಬರಿಗೆ ಬರುವುದಿಲ್ಲ. ತಾಯಿಯ ಅಡಿಗೆಯ ಖಾರದಿಂದ ಬರುವ ಕಾಯಿಲೆಯಂತೂ ಅಲ್ಲ. ಇದನ್ನು ಡಾಕ್ಟರ ಬಾಯಿಂದ ಕೇಳಿದ ದಿನ ನನಗೆ ಎಷ್ಟು ಸಮಾಧಾನವಾಯಿತೆಂದರೆ, ನಮ್ಮ ನಾದಿನಿಗೆ ಅದೇ ದಿನ ಫೋನು ಮಾಡಿ ತಿಳಿಸಿದೆ.

ಔಷಧಿಯ ಕಥೆಯೇ ಬೇರೆ. ಮೊದಲು ಸ್ಟೀರಾಯ್ಡ್. ಹುಣ್ಣಿನ ಉರಿ ಇಳಿಯಿತು. ಮುಖ ಚಂದ್ರನಂತೆ ಊದಿತು. ಕನ್ನಡಿಯನ್ನು ಗೋಡೆ ಕಡೆ ತಿರುಗಿಸಿಟ್ಟಿದ್ದಳು ಹುಡುಗಿ. ಅದನ್ನು ನಿಧಾನವಾಗಿ ಇಳಿಸಿ ಅಜಾಥಯೋಪ್ರಿನ್ ಎಂಬ ಮಾತ್ರೆಗೆ ಬದಲಾಯಿಸಿದರು. ಕೆರಳಿದ ನಿರೋಧಕ ಕಣಗಳು ಬೇಕಾಬಿಟ್ಟಿ ಹೆಚ್ಚದಂತೆ ತಡೆಯುವುದು ಅದರ ಕೆಲಸ. ನಮ್ಮ ಕಡೆಯ ಕೆಲವರಿಗೆ ಇದರಿಂದ ಬಿಳಿ ರಕ್ತಕಣ ತೀರ ಇಳಿದು, ಕೂದಲೆಲ್ಲ ಉದುರುವುದುಂಟು. ಅದಕ್ಕಾಗಿ ಮೊದಮೊದಲು ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ ರಕ್ತಪರೀಕ್ಷೆ. ಪುಟ್ಟಿಗೆ ಅದು ಒಗ್ಗಿತು.

ಈ ಮಾತ್ರೆಯನ್ನು ಕಂಡುಹಿಡಿದವರಲ್ಲಿ ಒಬ್ಬರು ಗರ್ಟ್ರೂಡ್ ಎಲಿಯನ್ ಎಂಬ ಹೆಂಗಸು. ಅವರಿಗೆ ಹದಿನೈದು ವರ್ಷವಿದ್ದಾಗ ಅಜ್ಜ ಕ್ಯಾನ್ಸರಿನಿಂದ ತೀರಿಕೊಂಡರು. ಅದಕ್ಕೇ ರಸಾಯನಶಾಸ್ತ್ರ ಓದಿದರು. ಕೆಲಸ ಕೇಳಿಕೊಂಡು ಹೋದರೆ, ಹೆಣ್ಣು ಬಂದರೆ ಪ್ರಯೋಗಾಲಯದಲ್ಲಿ ಗಂಡಸರ ಗಮನ ಕೆಡುತ್ತದೆ ಎಂದು ವಾಪಸು ಕಳಿಸಿದರಂತೆ! ಪಿಎಚ್.ಡಿ. ಮುಗಿಸಲಾಗದ ಅವರಿಗೆ 1988ರಲ್ಲಿ, ಜೊತೆಗಾರ ಹಿಚಿಂಗ್ಸ್ ಅವರೊಂದಿಗೆ ನೊಬೆಲ್ ಬಂತು. ಅವರು ಆ ಮಾತನ್ನು ಹೊಟ್ಟೆಗೆ ಹಾಕಿಕೊಂಡು ಮನೆಗೆ ಹೋಗಿದ್ದರೆ ನನ್ನ ಮಗಳ ಗತಿ ಏನಾಗುತ್ತಿತ್ತೋ.

ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮ ಪಕ್ಕ ಕೂರುತ್ತಿದ್ದ ರಾಯಚೂರು ಕಡೆಯ ಅಕ್ಕ ಒಬ್ಬರಿಗೆ ಮಾತ್ರೆ ಸಾಲದೆ ಇಂಜೆಕ್ಷನ್ ಕೊಡುತ್ತಿದ್ದರು. ಇನ್‌ಫ್ಲಿಕ್ಸಿಮ್ಯಾಬ್ ಎಂದು ಅದರ ಹೆಸರು. 1998ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೆ ಒಪ್ಪಿಗೆ ಪಡೆದ ಔಷಧಿ. ಉರಿಯೂತ ಹಬ್ಬಿಸುವ ಟಿಎನ್‌ಎಫ್ ಎಂಬ ವಸ್ತುವನ್ನು ಅದು ಹಿಡಿದು ಕಟ್ಟಿಹಾಕುತ್ತದೆ. ಅದನ್ನು ಕೊಡುವ ಮೊದಲು ಆ ಅಕ್ಕನಿಗೆ ಎಕ್ಸ್‌ರೇ, ರಕ್ತಪರೀಕ್ಷೆ ಎಲ್ಲ ಮಾಡಿ, ಮೈಯೊಳಗೆ ಮಲಗಿರುವ ಕ್ಷಯವೇನಾದರೂ ಇದೆಯೇ ಎಂದು ಹುಡುಕಿದ್ದರು. ಏಕೆಂದರೆ ಕರುಳನ್ನು ಸುಡುವ ಆ ಟಿಎನ್‌ಎಫ್ ಇದೆಯಲ್ಲ, ಕ್ಷಯದ ರೋಗಾಣುವನ್ನು ಸುತ್ತುವರಿದು ಬಂದಿಯಾಗಿ ಇಟ್ಟಿರುವುದೂ ಅದೇ. ಅದನ್ನು ಕಟ್ಟಿಹಾಕಿದರೆ ಮಲಗಿದ್ದ ಕ್ಷಯ ಎದ್ದುಬಿಡಬಹುದು. 2001ರಲ್ಲೇ ಇಂಥ ಪ್ರಕರಣಗಳ ವರದಿ ಬಂದು ಎಲ್ಲೆಡೆ ಎಚ್ಚರಿಕೆ ಹೆಚ್ಚಿತು. ಕ್ಷಯವೋ ಕ್ರೋನ್ಸೋ ಎಂದು ಮೊದಲೇ ಖಚಿತವಾಗಬೇಕಾದದ್ದು ಏಕೆಂದು ಆಗ ನನಗೆ ಪೂರ್ತಿ ಅರ್ಥವಾಯಿತು. ಒಂದರ ಔಷಧಿ ಇನ್ನೊಂದಕ್ಕೆ ವಿಷ. ಜಗಳವನ್ನು ಅಡಗಿಸುವಾಗಲೂ ಕಾವಲನ್ನು ಕೆಡವಬಾರದು.

2020ರಲ್ಲಿ ಕೊರೋನಾ ಬಂದಾಗ ಊರೆಲ್ಲ ಅಮೃತಬಳ್ಳಿ, ಶುಂಠಿ, ಮೆಣಸು ಎಂದು ರೋಗನಿರೋಧಕ ಶಕ್ತಿ ಹೆಚ್ಚಿಸುವ ಕಷಾಯ ಕುಡಿಯುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ಅದನ್ನು ತಗ್ಗಿಸುವ ಮಾತ್ರೆ! "ಈಗಲಾದ್ರೂ ಆ ಮಾತ್ರೆ ನಿಲ್ಲಿಸಿ" ಎಂದು ಎಷ್ಟು ಜನ ಹೇಳಿದರೋ. ಡಾಕ್ಟರನ್ನು ಕೇಳದೆ ಒಂದು ದಿನವೂ ನಿಲ್ಲಿಸಲಿಲ್ಲ. ಚೀಟಿಯಲ್ಲಿ ಬರೆದದ್ದನ್ನು ಮೀರುವ ಧೈರ್ಯ ನನಗೆ ಇನ್ನೆಲ್ಲಿಯದು?

ಊಟದ ವಿಷಯ ಕೇಳುವವರು ಬಹಳ. ಯಾವ ಸೊಪ್ಪು, ಯಾವ ಕಷಾಯದಿಂದ ವಾಸಿಯಾಯಿತು ಎನ್ನುತ್ತಾರೆ. ಯಾವುದರಿಂದಲೂ ಅಲ್ಲ. ಹುಣ್ಣು ಕೆರಳಿದಾಗ, ಕರುಳು ಸಣ್ಣಗಾಗಿದ್ದಾಗ ಬಾಳೆದಿಂಡು, ನುಗ್ಗೆಕಾಯಿಯಂಥ ನಾರಿನ ಪದಾರ್ಥ ಕೊಡದೆ ಗಂಜಿ, ಮೆತ್ತನೆಯ ಅನ್ನ ಕೊಟ್ಟೆ. ಶಾಂತವಾದ ಮೇಲೆ ರಾಗಿ, ಕಾಳು, ತರಕಾರಿ ಒಂದೊಂದಾಗಿ ಸೇರಿಸಿದೆ. ನಾರನ್ನು ತಿಂದು ಬದುಕುವ ಒಳ್ಳೆಯ ಸೂಕ್ಷ್ಮಜೀವಿಗಳು ತಯಾರಿಸುವ ಬ್ಯುಟಿರೇಟ್ ಎಂಬ ಆಮ್ಲವೇ ದೊಡ್ಡ ಕರುಳಿನ ಜೀವಕೋಶಗಳಿಗೆ ಆಹಾರ. ಆ ನಿಯಂತ್ರಕ ಕಣಗಳು ಹೆಚ್ಚಲೂ ಅದು ನೆರವಾಗುತ್ತದೆಂದು 2013ರ ಅಧ್ಯಯನಗಳು ಇಲಿಗಳಲ್ಲಿ ತೋರಿಸಿವೆ. ಸೊಪ್ಪು ಕಾಳು ತಿನ್ನಬೇಕಾದದ್ದು ಅದಕ್ಕೆ, ಔಷಧಿಯ ಬದಲಿಗಲ್ಲ. ಪುಟ್ಟಿಗೆ ತೆಗೆದ ಕರುಳಿನ ಭಾಗವೇ ಬಿ12 ಜೀವಸತ್ವವನ್ನು ಹೀರುವ ಜಾಗವಾದ್ದರಿಂದ, ಅದನ್ನು ಈಗಲೂ ಇಂಜೆಕ್ಷನ್ ಮೂಲಕ ಕೊಡಬೇಕು.

2021ರಲ್ಲಿ ಅವಳಿಗೆ ಸಂಬಂಧ ಕೂಡಿ ಬಂದಾಗ, "ಎಲ್ಲ ಹೇಳ್ಬೇಕಾ?" ಎಂದು ನಮ್ಮ ಅತ್ತೆಯೇ ಕೇಳಿದರು. ನಾನು ಉತ್ತರ ಹುಡುಕುವುದರೊಳಗೆ ಪುಟ್ಟಿ ಹುಡುಗನನ್ನು ಹಿತ್ತಿಲ ತೆಂಗಿನ ಮರದ ಹತ್ತಿರ ಕರೆದುಕೊಂಡು ಹೋಗಿ ಆಪರೇಷನ್ನು, ಮಾತ್ರೆ, ಪಾಯಖಾನೆ ಎಲ್ಲ ಹೇಳಿ ಬಂದಿದ್ದಳು. ಅವನು ಮುಂದಿನ ವಾರ ಡಾಕ್ಟರ ಹತ್ತಿರ ತಾನೇ ಹೋಗಿ ಮಾತಾಡಿದ. ಕಾಯಿಲೆ ಶಾಂತವಾಗಿರುವಾಗ ಗರ್ಭ ಧರಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಔಷಧಿಯನ್ನು ಹೆದರಿ ಬಿಡುವುದೇ ಅಪಾಯ ಎಂದು ಅವರು ತಿಳಿಸಿದರಂತೆ.

2025ರ ಬೇಸಿಗೆಯಲ್ಲಿ ಮೊಮ್ಮಗಳು ಹುಟ್ಟಿದಳು. ನಮ್ಮ ಕಾಲದಲ್ಲಿ ತಾಯಿಯ ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸುತ್ತಿದ್ದರು. ಹಸು ಕರು ಹಾಕಿದರೆ ಗಿಣ್ಣು ಮಾಡಿ ತಿನ್ನುವ ನಾವು, ಹೆತ್ತ ಮಗುವಿಗೆ ಅದನ್ನೇ ತಪ್ಪಿಸುತ್ತಿದ್ದೆವು! ಆ ಹಾಲಿನಲ್ಲಿ ಐಜಿಎ ತುಂಬಿರುತ್ತದೆ. ಮಗುವಿನ ಕರುಳು ತನ್ನದೇ ಕಾವಲು ಕಟ್ಟಿಕೊಳ್ಳುವವರೆಗೆ ತಾಯಿ ಕಳಿಸಿಕೊಡುವ ಕಾವಲುಗಾರರು ಅವರು. ವೈದ್ಯರನ್ನು ಕೇಳಿಕೊಂಡು ಪುಟ್ಟಿ ಒಂದು ತೊಟ್ಟೂ ಬಿಡದೆ ಕುಡಿಸಿದಳು. ತೊಂಬತ್ತರ ಹತ್ತಿರವಿರುವ ಅತ್ತೆ ಮಂಚದ ಪಕ್ಕ ಕೂತು ನೋಡಿ, "ನಾವೇ ತಿಳೀದೆ ಚೆಲ್ಲಿಸಿದ್ವಿ ಕಣೇ" ಎಂದರು.

ಇದನ್ನು ಓದುವ ತಾಯಂದಿರಿಗೆ, ಅಕ್ಕತಂಗಿಯರಿಗೆ ನಾನು ಹೇಳಬೇಕಾದದ್ದು ಸ್ವಲ್ಪವೇ. ಬೇಧಿ ನಾಲ್ಕು ವಾರ ಮೀರಿದರೆ, ಅದರಲ್ಲಿ ರಕ್ತ ಕಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ತೂಕ ಇಳಿದರೆ, ಸಂಜೆ ಜ್ವರ ಬಂದರೆ, ಅದನ್ನು ಹೊಟ್ಟೆಗೆ ಹಾಕಿಕೊಳ್ಳಬೇಡಿ. ಹೆಣ್ಣುಮಕ್ಕಳ ಹೊಟ್ಟೆನೋವೆಲ್ಲ ಮುಟ್ಟಿನದಲ್ಲ. ಮತ್ತೆ ಬನ್ನಿ ಎಂದು ಬರೆದಿದ್ದರೆ, ಮನೆಯಲ್ಲಿ ಮದುವೆಯಿದ್ದರೂ ಹೋಗಿ. ಆರೋಗ್ಯವಾಗಿರುವ ಕರುಳು ಅನ್ನವನ್ನು ಸಹಿಸುತ್ತದೆ, ವಿಷ ಕಂಡರೆ ಕೂಗೆಬ್ಬಿಸುತ್ತದೆ. ಎರಡನ್ನೂ ನುಂಗಿ ಸುಮ್ಮನಿರು ಎಂದು ಅದಕ್ಕೆ ಯಾರೂ ಕಲಿಸಿಲ್ಲ. ನಮಗೆ ಮಾತ್ರ ಕಲಿಸಿದ್ದಾರೆ.

ಬಾಣಂತನಕ್ಕೆ ಬಂದಿದ್ದಾಗ ಒಂದು ಮಧ್ಯಾಹ್ನ ಪುಟ್ಟಿ ಒಗ್ಗರಣೆಗೆಂದು ಸಾಸಿವೆ ಡಬ್ಬಿ ತೆಗೆದಳು. ತಳದಲ್ಲಿದ್ದ ಚೀಟಿ ಕೈಗೆ ಬಂತು. ಹತ್ತು ವರ್ಷದಲ್ಲಿ ಮಡಿಕೆಗಳು ಹರಿದು ನಾಲ್ಕು ಚೂರಾಗಿತ್ತು. ಅದನ್ನು ಎಸೆಯಲು ನನಗೆ ಮನಸ್ಸು ಬಂದಿರಲಿಲ್ಲ. ಅವಳು ಚೂರುಗಳನ್ನು ಕಟ್ಟೆಯ ಮೇಲೆ ಜೋಡಿಸಿ ಓದಿದಳು. ಎಂಟು ವಾರದ ನಂತರ ಮತ್ತೆ ಸ್ಕೋಪಿ ಮಾಡಿಸಿ.

ನಾನು ಎಷ್ಟೋ ಸಲ ಒಳಗೇ ಹೇಳಿಕೊಂಡಿದ್ದನ್ನು ಆಗ ಹೊರಗೆ ಹೇಳಿದೆ. "ತಪ್ಪು ನಂದೇ ಪುಟ್ಟಿ. ನಿನ್ನ ಕರುಳು ಹೋಗಿದ್ದು ನನ್ನಿಂದ. ಹೊಟ್ಟೆಗೆ ಹಾಕ್ಕೊಂಡುಬಿಡು."

ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಅವಳು ಉರಿ ಸಣ್ಣದು ಮಾಡಿದಳು. "ನನಗೆ ಅವತ್ತೇ ಗೊತ್ತಿತ್ತಮ್ಮ ಚೀಟಿ ಎಲ್ಲಿದೆ ಅಂತ. ಅಕ್ಕನ ಮದುವೆ ಕೆಡಬಾರದು ಅಂತ ನಾನೂ ಸುಮ್ನಿದ್ದೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, ನನ್ನ ಮುಖ ನೋಡಿ ನಕ್ಕಳು. "ಹೊಟ್ಟೆಗೆ ಹಾಕ್ಕೊಳ್ಳೋದು ಮಾತ್ರ ಕೇಳ್ಬೇಡ. ನನ್ನ ಹೊಟ್ಟೆಗೆ ಅದೊಂದು ಬರಲ್ಲ ಅಂತ ಡಾಕ್ಟ್ರೇ ಹೇಳಿದ್ದಾರಲ್ಲ."

ಸಾಸಿವೆ ಚಟಪಟ ಸಿಡಿಯಿತು. ಒಳಗೆ ಮಗು ಎದ್ದು ಅತ್ತಿತು. ಪುಟ್ಟಿ ಚೀಟಿಯ ಚೂರುಗಳನ್ನು ನನ್ನ ಕೈಗಿಟ್ಟು ಮಗುವಿನ ಕಡೆ ನಡೆದಳು.